ಹ್ಯಾಲೋವೀನ್ ಸೀಸನ್‌ನಲ್ಲಿ ಥೀಮ್ ಪಾರ್ಕಿಗೆ ಹೊರಟಿದ್ದೀರಾ? ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ ಮೊದಲು ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮವರು, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದಿರುವವರು, ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿರುವವರು, ಅಕ್ಟೋಬರ್‌ನಲ್ಲಿ, ಅಂದರೆ ಭೂತ ಪ್ರೇತದ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ಸೀಸನ್‌ನಲ್ಲಿ, ಥೀಮ್ ಪಾರ್ಕಿಗೆ ಟಿಕೆಟ್ ತೆಗೆಯುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಳಿಗ್ಗೆ ನೀವು ಒಳಗೆ ಹೋಗುವ ಪಾರ್ಕೇ ಬೇರೆ, ಸಂಜೆ ಆರರ ಮೇಲೆ ನೀವು ದಾಟಿಕೊಂಡು ಹೊರಗೆ ಬರಬೇಕಾದ ಪಾರ್ಕೇ ಬೇರೆ. ನಮಗೆ ಇದು ಗೊತ್ತಿರಲಿಲ್ಲ. ಅಮ್ಮನ ಎಡಗೈಗೆ ಪಟ್ಟಿ ಬಿದ್ದ ಮೇಲೆ ಗೊತ್ತಾಯಿತು.

ನಾವಿರುವುದು ಅಮೆರಿಕದ ಮಧ್ಯಭಾಗದ ಮಿಡ್‌ವೆಸ್ಟ್‌ನಲ್ಲಿ. ಪಾರ್ಕಿನ ಹೆಸರು ಹೇಳುವುದಿಲ್ಲ, ಯಾಕಂದ್ರೆ ಇದೇ ರೀತಿ ನಡೆಸುವ ಪಾರ್ಕುಗಳು ಈ ದೇಶದಲ್ಲಿ ಬೇಕಾದಷ್ಟಿವೆ, ಒಂದರ ಹೆಸರು ಹೇಳಿದರೆ ಉಳಿದವು ಸರಿ ಇವೆ ಅಂತ ಯಾರಾದರೂ ಅಂದುಕೊಂಡಾರು. ಅಮ್ಮ ಆಗಸ್ಟ್ ಕೊನೆಯಲ್ಲಿ ಸಾಗರದ ಕಡೆಯ ನಮ್ಮೂರಿಂದ ಬಂದಿದ್ದಳು. ಮಗಳಿಗೆ ಆರು ವರ್ಷ. ಅಜ್ಜಿ ವಾಪಸ್ ಹೋಗುವುದರೊಳಗೆ ಒಂದು ದಿನ ಎಲ್ಲರೂ ಸೇರಿ ಹೊರಗೆ ಹೋಗಿ ಬರೋಣ ಅಂತ ಮನಸ್ಸು. ಪಾರ್ಕಿನ ವೆಬ್‌ಸೈಟಿನಲ್ಲಿ ಚಿಟ್ಟೆ, ರಾಜಕುಮಾರಿ ವೇಷ ಹಾಕಿದ ಮಕ್ಕಳ ಫೋಟೋ ಇತ್ತು. ಹಗಲು ಮಕ್ಕಳಿಗೆ ಮಜಾ, ರಾತ್ರಿ ದೊಡ್ಡವರಿಗೆ ಭಯ, ಈ ಅರ್ಥದ ಒಂದು ಸಾಲೂ ಇತ್ತು. ನಾನು ಅದನ್ನು ಓದಿದೆ, ಸುಳ್ಳು ಹೇಳುವುದಿಲ್ಲ. ಆದರೆ ರಾತ್ರಿಯದ್ದಕ್ಕೆ ಬೇರೆ ಟಿಕೆಟ್ ಇರುತ್ತದೆ, ಹಗಲಿನವರನ್ನು ಮೊದಲೇ ಹೊರಗೆ ಕಳಿಸುತ್ತಾರೆ ಅಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣ ಇತ್ತು. ಎರಡು ವರ್ಷದ ಹಿಂದೆ ನಾವು ಫ್ಲೋರಿಡಾಕ್ಕೆ ಹೋಗಿದ್ದೆವು. ಅಲ್ಲಿ ಡಿಸ್ನಿಯವರ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮಕ್ಕಳ ಹ್ಯಾಲೋವೀನ್ ಪಾರ್ಟಿ ನಡೆಯುತ್ತದೆ, 1995ರಿಂದ ಇದೆ. ಅದಕ್ಕೆ ಬೇರೆಯೇ ಟಿಕೆಟ್. ಪಾರ್ಟಿ ಇರುವ ದಿನ ಹಗಲಿನ ಟಿಕೆಟ್‌ನವರು ಸಂಜೆ ಆರಕ್ಕೆ ಹೊರಡಬೇಕು. ಅದರಲ್ಲಿ ಹೆದರಿಸುವುದೂ ಇಲ್ಲ. ಹತ್ತಿರದಲ್ಲೇ ಯೂನಿವರ್ಸಲ್‌ನಲ್ಲಿ 1991ರಿಂದ ನಡೆಯುವುದು ನಿಜವಾಗಿಯೂ ರಕ್ತ ಹೆಪ್ಪುಗಟ್ಟಿಸುವಂಥದ್ದು, 13 ವರ್ಷದ ಕೆಳಗಿನ ಮಕ್ಕಳಿಗೆ ಬೇಡ ಅಂತ ಅವರೇ ಹೇಳುತ್ತಾರೆ. ಅದಕ್ಕೂ ಬೇರೆ ಟಿಕೆಟ್, ಹಗಲಿನವರಿಗೆ ಐದು ಗಂಟೆಗೆಲ್ಲ ಪಾರ್ಕ್ ಮುಚ್ಚುತ್ತಾರೆ. ಹಾಗಾಗಿ ಎಲ್ಲಾ ಕಡೆ ಇದೇ ಪದ್ಧತಿ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅಲ್ಲ. ಎಷ್ಟೋ ಕಡೆ ಒಂದೇ ಟಿಕೆಟ್, ಒಂದೇ ಗೇಟು. ಹೊತ್ತು ಮುಳುಗಿದ ಕೂಡಲೇ ಇರುವ ಜನರ ನಡುವೆಯೇ ಶುರು ಮಾಡಿಬಿಡುತ್ತಾರೆ.

ಶನಿವಾರ ಹೋದೆವು. ಅದೇ ಮೊದಲ ತಪ್ಪು, ಅಕ್ಟೋಬರ್ ಶನಿವಾರದ ರಶ್ಶು ನಮ್ಮ ಜಾತ್ರೆಗಿಂತ ಜಾಸ್ತಿ. ಒಬ್ಬೊಬ್ಬರಿಗೆ 60 ಡಾಲರ್ ಹತ್ತಿರ ಬಿತ್ತು, ಪಾರ್ಕಿಂಗ್‌ಗೆ 35 ಬೇರೆ. ಮಗಳು ಬೆನ್ನಿಗೆ ಹಳದಿ ಚಿಟ್ಟೆಯ ರೆಕ್ಕೆ ಕಟ್ಟಿಕೊಂಡಿದ್ದಳು. ಮಧ್ಯಾಹ್ನದವರೆಗೆ ಎಲ್ಲಾ ಚೆನ್ನಾಗಿತ್ತು. ಮಕ್ಕಳು ಸಾಲಾಗಿ ಹೋಗಿ ಚಾಕೊಲೇಟ್ ತುಂಬಿಸಿಕೊಂಡು ಬರುವ ಒಂದು ದಾರಿ ಮಾಡಿದ್ದರು, ಹುಲ್ಲಿನ ಪಿಂಡಿಗಳ ಮೇಲೆ ರಾಶಿ ರಾಶಿ ಸಿಹಿಗುಂಬಳ. ಅಮ್ಮ ಅದನ್ನೆಲ್ಲ ನೋಡಿ, "ಇಷ್ಟೊಂದು ಸಿಹಿಗುಂಬಳ ಸುಮ್ನೆ ಇಟ್ಟಿದ್ದಾರಲ್ಲೇ, ಯಾರೂ ಹುಳಿ ಮಾಡೋದಿಲ್ವಾ?" ಅಂದಳು. ಸುಳ್ಳು ಸಮಾಧಿಗಳು, ಮರಕ್ಕೆ ನೇತುಹಾಕಿದ ಅಸ್ಥಿಪಂಜರ ಕಂಡಾಗ ಮಾತ್ರ ಮುಖ ಸಣ್ಣದು ಮಾಡಿಕೊಂಡು, "ಪಿತೃಪಕ್ಷ ಮುಗಿದು ತಿಂಗಳೂ ಆಗಿಲ್ಲ, ಇದೇನೇ ಇದು" ಅಂದಳು. ನಾನು ನಕ್ಕು ಸುಮ್ಮನಾದೆ.

ಐದೂಕಾಲಿಗೆ ಅಮ್ಮನಿಗೆ ಮಂಡಿ ನೋವು ಶುರುವಾಯಿತು, ಹೊರಡೋಣ ಅಂದಳು. ಮಗಳು ಕುದುರೆ ತಿರುಗಣಿ ಇನ್ನೊಂದೇ ಒಂದು ಸಲ ಅಂತ ಹಟ ಹಿಡಿದಳು. ಕ್ಯೂ ನಲವತ್ತು ನಿಮಿಷ. ಇಳಿದು ಬರುವಾಗ 6 ಗಂಟೆ 5 ನಿಮಿಷ.

ಅಷ್ಟರಲ್ಲಿ ಸೈರನ್ ಕೂಗಿತು. ಉದ್ದಕ್ಕೆ, ಯುದ್ಧದ ಸೈರನ್ ಥರ. ದೀಪಗಳೆಲ್ಲ ಒಟ್ಟಿಗೆ ಕೆಂಪು, ನೇರಳೆ ಆದವು. ಎಲ್ಲಿಂದಲೋ ಹೊಗೆ ಬಿಡತೊಡಗಿದರು. ಅದು ಸೌದೆ ಹೊಗೆ ಅಲ್ಲ, ನಾಟಕಕ್ಕೆ ಬಿಡುತ್ತಾರಲ್ಲ ಆ ಥರದ್ದು, ಸಿಹಿ ವಾಸನೆ, ಗಂಟಲಿಗೆ ಅಂಟಿಕೊಳ್ಳುತ್ತದೆ. ಉಬ್ಬಸ ಇರುವವರಿಗೆ ಇದೊಂದೇ ಸಾಕು. ಪಾರ್ಕಿನಲ್ಲಿ ಮಕ್ಕಳ ಆಟಗಳೆಲ್ಲ ಹಿಂಬದಿಯಲ್ಲಿ, ಹೊರಗೆ ಹೋಗುವ ಗೇಟು ಮುಂಬದಿಯಲ್ಲಿ, ಮಧ್ಯೆ ಒಂದು ಅಗಲವಾದ ರಸ್ತೆ. ಆ ರಸ್ತೆಯೇ ಸ್ಕೇರ್ ಝೋನ್. ಅಂದರೆ ವೇಷ ಹಾಕಿದ ನಟರು ಕತ್ತಲಲ್ಲಿ ಅಡಗಿದ್ದು ನಡೆದು ಹೋಗುವವರ ಮೇಲೆ ಹಾರಿ ಹೆದರಿಸುವ ಜಾಗ. ಭೂತದ ಮನೆಯಾದರೆ ಬೇಡ ಅಂತ ಹೊರಗೇ ನಿಲ್ಲಬಹುದು. ರಸ್ತೆಯನ್ನು ಬೇಡ ಅನ್ನುವುದು ಹೇಗೆ?

ನಾವು ಗುಂಪಿನ ಮಧ್ಯೆ ಬೇಗ ಬೇಗ ನಡೆದೆವು. ಮಗಳನ್ನು ನಮ್ಮನೆಯವರು ಎತ್ತಿಕೊಂಡರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಬ್ಬ ಎದುರಿಂದ ಓಡಿ ಬಂದವನು ನೆಲಕ್ಕೆ ಬಿದ್ದ, ಬಿದ್ದ ವೇಗಕ್ಕೇ ಮಂಡಿಯ ಮೇಲೆ ಜಾರಿಕೊಂಡು ನಮ್ಮ ಕಾಲ ಬುಡಕ್ಕೇ ಬಂದ. ಇವರ ಮಂಡಿಗೆ ಕಬ್ಬಿಣದ ತಗಡು, ಕೈಗವಸಿನ ಬೆರಳ ತುದಿಗೂ ಲೋಹ ಇರುತ್ತದೆ. ಡಾಂಬರಿಗೆ ಉಜ್ಜಿ ಬೆಂಕಿ ಕಿಡಿ ಹಾರುತ್ತದೆ. ದೊಡ್ಡ ಬಾಣಲೆಗೆ ಸಟ್ಟುಗ ಹಾಕಿ ಕೆರೆದ ಹಾಗೆ ಕರ್‌ರ್ ಅಂತ ಶಬ್ದ. ಮಗಳು ಕಿರುಚಿದ್ದು ನನಗೆ ಕೇಳಲೇ ಇಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು. ಅವಳು ಅಪ್ಪನ ತೋಳಿಂದ ಕೊಸರಿಕೊಂಡು ಇಳಿದು ಅಜ್ಜಿಯ ಸೆರಗೊಳಗೆ ಸೇರಿಕೊಂಡಳು.

ಆಮೇಲೆ ಬಂದದ್ದು ಗರಗಸದ ಮಷಿನ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಮಷಿನ್ನಿನಲ್ಲಿ ಹಲ್ಲಿನ ಚೈನ್ ಇರುವುದಿಲ್ಲ, ತೆಗೆದಿರುತ್ತಾರೆ, ಬರೀ ಎಂಜಿನ್ ಶಬ್ದ ಮತ್ತು ಪೆಟ್ರೋಲ್ ವಾಸನೆ. ಇಲ್ಲಿ ಬೆಳೆದವರಿಗೆ ಇದು ಗೊತ್ತು, ಕಿರುಚಿ ನಗುತ್ತಾರೆ. ಅಮ್ಮನಿಗೆ ಹೇಗೆ ಗೊತ್ತಿರಬೇಕು? ಅಡಿಕೆ ತೋಟದ ಮನೆಯವಳು. ಮಳೆಗಾಲದಲ್ಲಿ ಮರ ಬಿದ್ದಾಗ ಕೊಯ್ಯಲು ಇದೇ ಮಷಿನ್ ತರುತ್ತಾರೆ. ಆ ಶಬ್ದ ಕೇಳಿದ ಕೂಡಲೇ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುವುದು ಅವಳ ಜೀವಮಾನದ ಅಭ್ಯಾಸ. ನಮ್ಮನ್ನೂ ಹಾಗೆಯೇ ಎಳೆದುಕೊಂಡು ಹೋಗುತ್ತಿದ್ದಳು. ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಅದು ಗರ್ ಅಂದದ್ದೇ ತಡ, ಮೊಮ್ಮಗಳನ್ನು ಬಾಚಿ ತಬ್ಬಿಕೊಂಡು ಪಕ್ಕಕ್ಕೆ ತಿರುಗಿದಳು. ಹೊಗೆಯಲ್ಲಿ ಫುಟ್‌ಪಾತಿನ ಅಂಚು ಕಾಣಲಿಲ್ಲ. ಮಗುವಿಗೆ ಏಟಾಗಬಾರದು ಅಂತ ಎಡಗೈ ಊರಿ ಬಿದ್ದಳು.

ಮಷಿನ್ ತಕ್ಷಣ ನಿಂತಿತು. ಹಿಡಿದವನು ಮುಖವಾಡ ಮೇಲಕ್ಕೆ ಸರಿಸಿ ಓಡಿ ಬಂದ. ಹದಿನೆಂಟು ವರ್ಷದ ಹುಡುಗ ಇರಬೇಕು, ಹಚ್ಚಿದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಕೈ ನಡುಗುತ್ತಿದ್ದದ್ದು ಕಾಣುತ್ತಿತ್ತು. ಕ್ಷಮಿಸಿ, ಕ್ಷಮಿಸಿ ಅಂತ ಹೇಳುತ್ತಲೇ ವಾಕಿ ಟಾಕಿ ಇದ್ದ ಒಬ್ಬರನ್ನು ಕರೆದು ತಂದ, ಅವರು ಬರುವವರೆಗೆ ಜನ ಅಮ್ಮನನ್ನು ತುಳಿಯದ ಹಾಗೆ ತಾನೇ ಅಡ್ಡ ನಿಂತ. ಅವನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಸೀಸನ್‌ಗೆ ಸೇರಿಕೊಂಡ ಹುಡುಗರು, ಹೇಳಿಕೊಟ್ಟ ಕೆಲಸ ಮಾಡುತ್ತಾರೆ, ಮುಟ್ಟುವುದಿಲ್ಲ. ನನ್ನ ಸಿಟ್ಟಿರುವುದು ಅರವತ್ತೆಂಟು ವರ್ಷದವರೂ ಆರು ವರ್ಷದವರೂ ಮನೆಗೆ ಹೋಗಲು ಇರುವ ದಾರಿಯಲ್ಲೇ ಅವನನ್ನು ನಿಲ್ಲಿಸಿದವರ ಮೇಲೆ.

ಫಸ್ಟ್ ಏಡ್‌ನಲ್ಲಿ ಐಸ್ ಇಟ್ಟರು, ಒಂದು ಫಾರ್ಮ್ ತುಂಬಿಸಿಕೊಂಡರು. ಅದರ ಕಾಪಿ ಕೇಳಿದ್ದಕ್ಕೆ ಕೊಡಲು ಬರುವುದಿಲ್ಲ ಅಂದರು. ನಾನು ಫೋಟೋ ತೆಗೆದುಕೊಂಡೆ, ಅಷ್ಟು ಬುದ್ಧಿ ಬಂತು ಆಗ. ಅಲ್ಲಿದ್ದ ಒಬ್ಬ ಹೆಂಗಸು ಹೇಳಿದ ಮೇಲೆ ಗೊತ್ತಾಯಿತು, ರೈಲು ಹಳಿಯ ಪಕ್ಕದಿಂದ ಸುತ್ತಿ ಬಂದರೆ ಯಾವ ಸ್ಕೇರ್ ಝೋನೂ ಸಿಗದೆ ಗೇಟಿಗೆ ಹೋಗಬಹುದಂತೆ! ದಾರಿ ಇತ್ತು. ಒಂದು ಬೋರ್ಡ್ ಇರಲಿಲ್ಲ. ಇನ್ನೊಂದು ವಿಷಯ, ಅಂಗಡಿಯಲ್ಲಿ ಬೆಳಗುವ ಒಂದು ಸರ ಮಾರುತ್ತಿದ್ದರು, ಅದನ್ನು ಹಾಕಿಕೊಂಡವರನ್ನು ನಟರು ಹೆದರಿಸುವುದಿಲ್ಲವಂತೆ. ಅಕ್ಕಪಕ್ಕದವರನ್ನು ಹೆದರಿಸುವಾಗ ನೀವು ಬೆಚ್ಚಿದರೆ ಅದಕ್ಕೆ ಅವರು ಜವಾಬ್ದಾರರಲ್ಲ. ಮಗು ಹೆದರದೆ ಗೇಟಿನ ತನಕ ನಡೆಯುವುದನ್ನೂ ದುಡ್ಡಿಗೆ ಮಾರುವುದು ನನ್ನ ಪ್ರಕಾರ ತಪ್ಪು, ಶುದ್ಧ ತಪ್ಪು.

ಕೌಂಟರಿನಲ್ಲಿ ಟಿಕೆಟ್ ದುಡ್ಡು ವಾಪಸ್ ಕೇಳಿದೆವು. ಆಗುವುದಿಲ್ಲ. ರಾತ್ರಿ ಕಾರ್ಯಕ್ರಮ ಮಕ್ಕಳಿಗೆ ಸೂಕ್ತ ಅಲ್ಲ ಅಂತ ಷರತ್ತಿನಲ್ಲಿ ಬರೆದಿದೆ ಅಂದರು. ಬೇಕಿದ್ದರೆ ಇದೇ ಸೀಸನ್‌ನಲ್ಲಿ ಇನ್ನೊಮ್ಮೆ ಬರಲು ನಾಲ್ಕು ಪಾಸ್ ಕೊಡುತ್ತೇವೆ ಅಂದರು. ನಮ್ಮನೆಯವರು ಅದನ್ನು ಕೌಂಟರಿನ ಮೇಲೇ ಬಿಟ್ಟು ಬಂದರು.

ಮಾರನೆಯ ದಿನ ಕೈ ಊದಿತ್ತು. ಎಮರ್ಜೆನ್ಸಿಗೆ ಹೋದರೆ ಬಿಲ್ಲು ಎಷ್ಟಾಗುತ್ತದೋ ಅಂತ ಅರ್ಜೆಂಟ್ ಕೇರ್‌ಗೆ, ಅಂದರೆ ಸಣ್ಣಪುಟ್ಟ ತುರ್ತಿಗೆ ಇರುವ ಕ್ಲಿನಿಕ್ಕಿಗೆ, ಹೋದೆವು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಕೂದಲಿನಷ್ಟು ಸಣ್ಣ ಬಿರುಕು. ವಿಸಿಟರ್ ಇನ್ಶೂರೆನ್ಸ್ ತೆಗೆದಿದ್ದೆವು, ಆದರೂ ಮೊದಲ 250 ಡಾಲರ್ ನಮ್ಮ ಕೈಯಿಂದಲೇ. ಊರಿಂದ ಬರುವವರಿಗೆ ಇನ್ಶೂರೆನ್ಸ್ ಇಲ್ಲದೆ ಇಂಥ ಜಾಗಕ್ಕೆ ಕರೆದುಕೊಂಡು ಹೋಗಲೇಬೇಡಿ. ಅಮ್ಮ ಮಾತ್ರ ತನ್ನ ಕೈಯ ಬಗ್ಗೆ ಒಂದು ಮಾತಾಡಲಿಲ್ಲ. ಮನೆಗೆ ಬಂದ ರಾತ್ರಿ ಬಲಗೈಯಲ್ಲೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೊಮ್ಮಗಳಿಗೆ ನಿವಾಳಿಸಿದಳು. ಹೊಗೆಗೆ ಅಲಾರಾಂ ಹೊಡೆದುಕೊಂಡೀತು ಅಂತ ಹಿತ್ತಲಿಗೆ ಹೋಗಿ ಗ್ರಿಲ್‌ನ ಕೆಂಡಕ್ಕೆ ಹಾಕಿದೆವು.

ಮಗಳು ಹತ್ತು ದಿನ ಒಬ್ಬಳೇ ಮಲಗಲಿಲ್ಲ. ಅದು ಹೇಗೋ ಕಡಿಮೆಯಾಯಿತು. ಆದರೆ ಈಗ ಎಲೆ ಉದುರುವ ಕಾಲ, ಬೀದಿಯಲ್ಲಿ ದಿನಾ ಯಾರಾದರೊಬ್ಬರು ಎಲೆ ಊದುವ ಮಷಿನ್ ಹಚ್ಚುತ್ತಾರೆ. ಅದರ ಶಬ್ದವೂ ಹೆಚ್ಚುಕಡಿಮೆ ಅದೇ. ಕೇಳಿದ ಕೂಡಲೇ ಓಡಿ ಬಂದು ಅಜ್ಜಿಯ ಮಂಚದ ಆಚೆ ಬದಿ ಕೂತುಕೊಳ್ಳುತ್ತಾಳೆ, ಎರಡೂ ಕಿವಿ ಮುಚ್ಚಿಕೊಂಡು. ಸ್ಕೂಲಿನ ಹ್ಯಾಲೋವೀನ್ ಮೆರವಣಿಗೆಗೆ ಆ ಚಿಟ್ಟೆ ರೆಕ್ಕೆ ಹಾಕಲು ಒಪ್ಪಲಿಲ್ಲ.

ಹೆದರುವುದು ಇಷ್ಟ ಇರುವವರು ಹೋಗಲಿ, ನನಗೆ ತಕರಾರಿಲ್ಲ. ಕ್ಯಾಲಿಫೋರ್ನಿಯಾದ ನಾಟ್ಸ್ ಅನ್ನುವ ಪಾರ್ಕಿನಲ್ಲಿ 1973ರಲ್ಲಿ ಮೂರು ರಾತ್ರಿ ಮಾಡಿದ್ದು ಈಗ ವಾರಗಟ್ಟಲೆ ನಡೆಯುವ ಹಬ್ಬವಾಗಿದೆ, ಪ್ರತಿ ವರ್ಷ ಕಾದು ಹೋಗುವವರಿದ್ದಾರೆ. ಅಂಥವರಿಗೂ ಒಂದು ಮಾತು, ಭೂತದ ಮನೆಗಳಲ್ಲಿ ಮಿಣಮಿಣ ಹೊಡೆಯುವ ದೀಪ ಇರುತ್ತದೆ, ಮೂರ್ಛೆ ರೋಗ ಇರುವವರು ಹೋಗಬೇಡಿ. ಇತ್ತೀಚೆಗೆ ಹಲವು ಪಾರ್ಕುಗಳಲ್ಲಿ ಸಂಜೆಯಾದ ಮೇಲೆ 15 ವರ್ಷದ ಮಕ್ಕಳನ್ನೂ ದೊಡ್ಡವರಿಲ್ಲದೆ ಬಿಡುವುದಿಲ್ಲ, ಹೈಸ್ಕೂಲು ಮಕ್ಕಳನ್ನು ಗೇಟಿನ ಹತ್ತಿರ ಇಳಿಸಿ ಬರುವವರು ಮೊದಲೇ ವಿಚಾರಿಸಿ.

ಅಪ್ಪ ಅಮ್ಮ, ಮಕ್ಕಳು ಇರುವವರು ಟಿಕೆಟ್ ತೆಗೆಯುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಹೆದರಿಸುವುದು ಎಷ್ಟು ಗಂಟೆಗೆ ಶುರು? ಆಮೇಲೆ ಗೇಟಿಗೆ ಬರಲು ಬೇರೆ ದಾರಿ ಇದೆಯಾ? ಒಳಗೆ ಹೋದ ಕೂಡಲೇ ಮ್ಯಾಪ್ ತೆಗೆದುಕೊಂಡು ಸ್ಕೇರ್ ಝೋನ್ ಎಲ್ಲೆಲ್ಲಿ ಅಂತ ಪೆನ್ನಿನಲ್ಲಿ ಗುರುತು ಮಾಡಿಸಿಕೊಳ್ಳಿ, ನಮ್ಮ ಮ್ಯಾಪಿನಲ್ಲಿ ಅದು ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಈ ವಾರಾಂತ್ಯಕ್ಕೇ ಟಿಕೆಟ್ ತೆಗೆದಾಗಿದೆ ಅನ್ನುವವರು ಭಾನುವಾರಕ್ಕೆ ಬದಲಿಸಲು ಆಗುತ್ತದಾ ನೋಡಿ, ಎಷ್ಟೋ ಕಡೆ ಅವತ್ತು ಬೇಗ ಮುಗಿಸುತ್ತಾರೆ, ಜನವೂ ಕಡಿಮೆ. ಆಗದಿದ್ದರೆ ಶುರುವಾಗುವ ಒಂದು ಗಂಟೆ ಮೊದಲೇ ಹೊರಡಿ. ಮಗು ಎಷ್ಟೇ ಹಟ ಮಾಡಲಿ, ಆ ಹೊತ್ತಿನಲ್ಲಿ ಕುದುರೆ ತಿರುಗಣಿಯ ಕ್ಯೂನಲ್ಲಿ ಮಾತ್ರ ನಿಲ್ಲಬೇಡಿ.