ತಿಮಿಂಗಿಲದ ಹಳೆ ಮೂಳೆ: ಡಿಎನ್‌ಎ, ಜೂಮ್ಸ್, ಐಸೊಟೋಪ್ ಮೂರನ್ನೂ ಮಾಡಿ ನೋಡಿದ ಮೇಲೆ

ಹಳೆ ಮೂಳೆ ಯಾವ ಪ್ರಾಣಿಯದು, ಅದು ಏನು ತಿನ್ನುತ್ತಿತ್ತು ಅಂತ ತಿಳಿಯಲು ನಾವು ಈ ಮೂರು ವಿಧಾನ ಮಾಡಿ ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಐಸೊಟೋಪ್‌ಗೆ. ಬೆಂಗಳೂರಲ್ಲಿ ಕೂತು, ಸಣ್ಣ ಪ್ರಾಜೆಕ್ಟ್ ದುಡ್ಡಿನಲ್ಲಿ, ಪಶ್ಚಿಮ ಕರಾವಳಿಯ ಹಳೆ ಮೂಳೆ ಚೂರುಗಳ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ನಮ್ಮ ಗ್ರಾಂಟ್‌ನ ದೊಡ್ಡ ಪಾಲು ಡಿಎನ್‌ಎಗೆ ಹೋಯಿತು. ಬಂದದ್ದು ತೀರಾ ಕಡಿಮೆ. ಆ ದುಡ್ಡಿಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಅರಬ್ಬೀ ಸಮುದ್ರದ ತಿಮಿಂಗಿಲಗಳನ್ನು ಯಾರಾದರೂ ಸರಿಯಾಗಿ ಎಣಿಸುವ ಮೊದಲೇ ಬೇಟೆ ನಡೆದುಹೋಗಿತ್ತು. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಇಲ್ಲಿ ಗುಟ್ಟಾಗಿ 240ಕ್ಕೂ ಹೆಚ್ಚು ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲಗಳನ್ನು ಕೊಂದವು. ಬೇರೆ ಹಂಪ್‌ಬ್ಯಾಕ್‌ಗಳ ಹಾಗೆ ಧ್ರುವದ ಕಡೆ ವಲಸೆ ಹೋಗದೆ, ವರ್ಷವಿಡೀ ಇಲ್ಲೇ ಇರುವ ಗುಂಪು ಅದು. ಹಾಗಿರುವಾಗ ಇವತ್ತಿನ ಸಮುದ್ರವನ್ನು ನೋಡಿ ‘ಇದೇ ಸಹಜ ಸ್ಥಿತಿ’ ಎನ್ನುವುದು ಹೇಗೆ? ಮೊದಲು ಇಲ್ಲಿ ಯಾರಿದ್ದರು, ಏನು ತಿನ್ನುತ್ತಿದ್ದರು ಅನ್ನುವುದಕ್ಕೆ ಹಳೆ ಮೂಳೆಗಿಂತ ಒಳ್ಳೆ ಸಾಕ್ಷಿ ಇಲ್ಲ.

ಡಿಎನ್‌ಎ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೆನಡಾದ ರೆಡ್ ಬೇಯಲ್ಲಿ 16ನೇ ಶತಮಾನದ ಬಾಸ್ಕ್ (ಸ್ಪೇನ್-ಫ್ರಾನ್ಸ್ ಗಡಿಯ ಜನ) ಬೇಟೆಗಾರರು ಬಿಟ್ಟುಹೋದ ಮೂಳೆಗಳ ರಾಶಿ ಇದೆ. ಅವರು ರೈಟ್ ತಿಮಿಂಗಿಲಗಳನ್ನು ಭಾರಿ ಸಂಖ್ಯೆಯಲ್ಲಿ ಕೊಂದಿದ್ದರು ಎಂದೇ ಎಲ್ಲರೂ ನಂಬಿದ್ದರು. ಡಿಎನ್‌ಎ ತೆಗೆದು ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಬೋಹೆಡ್ ಎಂಬ ಬೇರೆ ಜಾತಿಯ ತಿಮಿಂಗಿಲ! ಇತಿಹಾಸವೇ ತಿರುಗಿಬಿತ್ತು. ಆದರೆ ಅದು ಚಳಿಯ ಊರು. ನಮ್ಮ ಕರಾವಳಿಯ ಸೆಕೆ ಮತ್ತು ಮಳೆಗೆ ಡಿಎನ್‌ಎ ಬೇಗ ಪುಡಿಯಾಗುತ್ತದೆ. ನಮ್ಮ ಫಲಿತಾಂಶದಲ್ಲಿ ಇದ್ದದ್ದು ಬಹುಪಾಲು ಮಣ್ಣಿನ ಬ್ಯಾಕ್ಟೀರಿಯಾ. ಡಿಎನ್‌ಎ ಕೆಲಸಕ್ಕೆ ಬೇರೆಯೇ ಕ್ಲೀನ್ ರೂಮ್ ಬೇಕು, ಟ್ಯೂಬ್‌ಗಳು ಯಾವಾಗಲೂ ತಣ್ಣಗಿರಬೇಕು. ಐಸ್ ಡಬ್ಬಿ ತೊಡೆ ಮೇಲಿಟ್ಟುಕೊಂಡು ಹೆಬ್ಬಾಳ ಫ್ಲೈಓವರ್ ದಾಟುವ ಧೈರ್ಯ ನನಗಂತೂ ಇನ್ನು ಇಲ್ಲ.

ಜೂಮ್ಸ್ ಅಗ್ಗ, ಬೇಗ ಆಗುತ್ತದೆ. ಮೂಳೆಯಲ್ಲಿರುವ ಕಾಲಜನ್ ಎಂಬ ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ, ಆ ಚೂರುಗಳ ತೂಕದಿಂದ ಪ್ರಾಣಿಯನ್ನು ಗುರುತಿಸುವುದು. ಕೆಲವು ಮಿಲಿಗ್ರಾಂ ಮೂಳೆ ಸಾಕು. ಜಿಬ್ರಾಲ್ಟರ್ ಹತ್ತಿರದ ರೋಮನ್ ಕಾಲದ ನೆಲೆಗಳಲ್ಲಿ ಗ್ರೇ ತಿಮಿಂಗಿಲ ಇತ್ತು ಎಂದು 2018ರಲ್ಲಿ ಗೊತ್ತಾಗಿದ್ದು ಇದರಿಂದ ಮತ್ತು ಡಿಎನ್‌ಎಯಿಂದ. ಈಗ ಇಡೀ ಅಟ್ಲಾಂಟಿಕ್‌ನಲ್ಲೇ ಆ ಪ್ರಾಣಿಯ ಗುಂಪು ಉಳಿದಿಲ್ಲ. ಕೊರತೆ ಅಂದರೆ, ಡಾಲ್ಫಿನ್ ಜಾತಿಗಳನ್ನು ಬೇರ್ಪಡಿಸುವಾಗ ತಡವರಿಸುತ್ತದೆ. ಯಾರು ಅಂತ ಹೇಳುತ್ತದೆ, ಏನು ತಿಂದರು ಅಂತ ಹೇಳುವುದಿಲ್ಲ.

ಅದನ್ನು ಹೇಳುವುದು ಐಸೊಟೋಪ್, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳ ಅಳತೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋದರೆ ನೈಟ್ರೋಜನ್-15ರ ಅಳತೆ ಸಾವಿರಕ್ಕೆ 3ರಿಂದ 4ರಷ್ಟು ಏರುತ್ತದೆ. ಕ್ರಿಲ್ (ಸೀಗಡಿಯಂಥ ಪುಟ್ಟ ಜೀವಿ) ತಿನ್ನುವ ತಿಮಿಂಗಿಲ ಕೆಳಗೆ, ದೊಡ್ಡ ಮೀನು ತಿನ್ನುವುದು ಮೇಲೆ. ಕಾರ್ಬನ್-13 ನೋಡಿದರೆ ತೀರದ ಹತ್ತಿರ ಮೇಯುತ್ತಿತ್ತೋ, ಆಳ ಸಮುದ್ರದಲ್ಲೋ ಅನ್ನುವ ಸುಳಿವು ಸಿಗುತ್ತದೆ. ಸಮುದ್ರದ ಹುಲ್ಲು ಮೇಯುವ ಡುಗಾಂಗ್ ಅಂತೂ ಕಾರ್ಬನ್‌ನಲ್ಲೇ ಎದ್ದು ಕಾಣುತ್ತದೆ. ಕೆಲಸವೂ ನನಗೆ ಇಷ್ಟ. ಮೂಳೆ ಚೂರನ್ನು ತೆಳು ಆಸಿಡ್‌ನಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಖನಿಜವೆಲ್ಲ ಕರಗಿ, ಅದೇ ಆಕಾರದ ಕಾಲಜನ್ ಉಳಿಯುತ್ತದೆ. ಚಿಮಟದಲ್ಲಿ ಎತ್ತಿದರೆ ಬಾಂಬೆ ಹಲ್ವಾ ಹಾಗೆ ಬಳುಕುತ್ತದೆ, ಬೆಳಕು ಆಚೆ ಕಾಣುತ್ತದೆ.

ತಲೆನೋವು ಒಂದೇ, ಎಣ್ಣೆ. ಅದು ಸಣ್ಣ ತಲೆನೋವಲ್ಲ. ತಿಮಿಂಗಿಲದ ಮೂಳೆಯೊಳಗೆ ಎಣ್ಣೆ ತುಂಬಿರುತ್ತದೆ. ಹಳೆ ಮೂಳೆಯಲ್ಲಿ ಅಷ್ಟೋ ಇಷ್ಟೋ, ಹೋಲಿಸುವುದಕ್ಕೆ ತರುವ ಇತ್ತೀಚಿನ ಮೂಳೆಯಲ್ಲಿ ವಿಪರೀತ. ಕಾಲಜನ್ ಅನ್ನು ಕುದಿಸದೆ ಹದವಾಗಿ ಕಾಯಿಸಿ ಜೆಲಾಟಿನ್ ಮಾಡಿದ ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದರೆ ಮೇಲೆ ಹಳದಿ ಪೊರೆ. ಒಣಗಿಸಿದ ಕಾಲಜನ್ ಬೆಳ್ಳಗೆ, ಹಗುರವಾಗಿ ಇರಬೇಕಾದದ್ದು ಜಿಗುಟಾಗಿ ಚಮಚಕ್ಕೆ ಅಂಟುತ್ತದೆ.

ಅಂಟಿದರೆ ಅಂಟಲಿ ಬಿಡಿ, ನಿಜವಾದ ಅಪಾಯ ಲೆಕ್ಕದಲ್ಲಿದೆ. ಎಣ್ಣೆಯಲ್ಲಿ ಕಾರ್ಬನ್-13 ಕಡಿಮೆ. ಹಾಗಾಗಿ ಎಣ್ಣೆ ಉಳಿದರೆ ಇಡೀ ಅಳತೆ ಕೆಳಗೆ ಜಾರುತ್ತದೆ. ಇನ್ನೊಂದು ಕಡೆ, ಕಲ್ಲಿದ್ದಲು, ಪೆಟ್ರೋಲ್ ಸುಟ್ಟ ಹೊಗೆಯಿಂದ ಇವತ್ತಿನ ಸಮುದ್ರದ ಕಾರ್ಬನ್-13 ಕೂಡ ಮೊದಲಿಗಿಂತ ಕೆಳಗಿದೆ. ಇದಕ್ಕೆ ಸೂಸ್ ಪರಿಣಾಮ ಎನ್ನುತ್ತಾರೆ. ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ, ಗಮನಿಸಿ. ಎರಡನ್ನೂ ಸರಿಪಡಿಸದೆ ಹಳೆಯದನ್ನು ಹೊಸದರ ಪಕ್ಕ ಇಟ್ಟರೆ, ತಿಮಿಂಗಿಲ ಮೇಯುವ ಜಾಗವೇ ಬದಲಾಯಿತು ಅಂತ ಸುಮ್ನೆ ಕಥೆ ಹುಟ್ಟಿಕೊಳ್ಳುತ್ತದೆ. ನಡೆದದ್ದು ಏನೂ ಇಲ್ಲ, ಎಣ್ಣೆ ಮತ್ತು ಹೊಗೆ ಅಷ್ಟೇ.

ಹಿಡಿಯುವ ದಾರಿ ಇದೆ. ಒಳ್ಳೆ ಕಾಲಜನ್‌ನಲ್ಲಿ ಕಾರ್ಬನ್-ನೈಟ್ರೋಜನ್ ಅನುಪಾತ 2.9ರಿಂದ 3.6ರ ಒಳಗಿರಬೇಕು. ಎಣ್ಣೆ ಇದ್ದರೆ ಅದು ಮೇಲೆ ಹೋಗುತ್ತದೆ. ತೆಗೆಯುವುದಕ್ಕೆ ಎರಡು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಮೆಥನಾಲ್. ದ್ರವ ತಿಳಿಯಾಗುವವರೆಗೂ ಬದಲಾಯಿಸುತ್ತಲೇ ಇರಬೇಕು, ಗಾಜಿನ ವಯಲ್‌ನಲ್ಲೇ ಮಾಡಬೇಕು, ಕೊಳೆ ದ್ರವವನ್ನು ಬೇರೆ ಕ್ಯಾನ್‌ನಲ್ಲಿ ಕೂಡಿಡಬೇಕು. ನೆಲದ ಪ್ರಾಣಿಗಳ ಮೂಳೆಗೆ ಬರೆದ ವಿಧಾನವನ್ನೇ ಹಿಡಿದುಕೊಂಡು ಹೊರಟರೆ ಈ ಹಂತ ಎಷ್ಟೋ ಸಲ ಅದರಲ್ಲಿ ಇರುವುದೇ ಇಲ್ಲ.

ಇಷ್ಟಾದರೂ ನನ್ನ ಆಯ್ಕೆ ಅದೇ. ಒಣಗಿದ ಕಾಲಜನ್‌ಗೆ ಐಸ್ ಬೇಡ, ಕರೆಂಟ್ ಹೋದರೂ ಏನೂ ಆಗುವುದಿಲ್ಲ, ಬ್ಯಾಗಿನಲ್ಲಿಟ್ಟುಕೊಂಡು ಮೆಟ್ರೋ ಹತ್ತಬಹುದು. ಅಳತೆಗೆ ಬೇಕಾದದ್ದು ಅರ್ಧ ಮಿಲಿಗ್ರಾಂನಷ್ಟು. ಉಳಿದದ್ದರಲ್ಲಿ ಜೂಮ್ಸ್ ಮಾಡಿಸಬಹುದು, ಕಾಲ ತಿಳಿಯಲು ರೇಡಿಯೋಕಾರ್ಬನ್‌ಗೂ ಕಳಿಸಬಹುದು. ಆದರೆ ಸಮುದ್ರದ ಪ್ರಾಣಿಯ ಮೂಳೆ ಇರುವುದಕ್ಕಿಂತ ಸುಮಾರು 400 ವರ್ಷ ಹೆಚ್ಚು ಹಳೆಯದಾಗಿ ಕಾಣುತ್ತದೆ, ಆ ತಿದ್ದುಪಡಿ ಮರೆಯಬಾರದು. ಒಂದೇ ಚೂರಿನಿಂದ ಮೂರು ಉತ್ತರ, ಸಾಲದಾ?

ನಿಮ್ಮ ಮೂಳೆ ಚಳಿ ಪ್ರದೇಶದ್ದಾದರೆ, ಅಥವಾ ಗಟ್ಟಿಯಾದ ಕಿವಿ ಮೂಳೆ ಸಿಕ್ಕಿದ್ದರೆ, ದುಡ್ಡೂ ಇದ್ದರೆ ಡಿಎನ್‌ಎ ಮಾಡಿಸಿ. ಸಣ್ಣ ಗ್ರಾಂಟ್‌ನವರು ಅರ್ಜಿ ಬರೆಯುವಾಗಲೇ ಕ್ಲೋರೋಫಾರ್ಮ್ ಮತ್ತು ಅದರ ವಿಲೇವಾರಿ ಖರ್ಚು ಸೇರಿಸಿಕೊಳ್ಳಿ. ಬೀಚಿನಲ್ಲಿ ಬಿದ್ದ ಮೂಳೆಯನ್ನು ಮಾತ್ರ ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಕಾಯ್ದೆ ಸತ್ತ ತಿಮಿಂಗಿಲ, ಡುಗಾಂಗ್‌ಗಳಿಗೂ ಅನ್ವಯಿಸುತ್ತದೆ. ಮೊದಲು ಅರಣ್ಯ ಇಲಾಖೆಯ ಅನುಮತಿ, ಆಮೇಲೆ ಆಸಿಡ್.