ಗೆಟಿಸ್‌ಬರ್ಗ್ ರಣಭೂಮಿ: ‘ಎಲ್ಲ ಸೇರಿ ಇಷ್ಟು’ ಎನ್ನುವ ಪ್ರವಾಸದವರ ಬಗ್ಗೆ ಎಚ್ಚರವಿರಲಿ

ಊರಿನಿಂದ ಬಂದ ತಂದೆತಾಯಿಯರನ್ನೋ ಅತ್ತೆಮಾವಂದಿರನ್ನೋ ವಾಷಿಂಗ್ಟನ್ ಕಡೆಯಿಂದ ಒಂದು ದಿನದ ಮಟ್ಟಿಗೆ, ಅಮೆರಿಕದ ಅಂತರ್ಯುದ್ಧದ ದೊಡ್ಡ ಕಾಳಗ ನಡೆದ ಗೆಟಿಸ್‌ಬರ್ಗ್‌ಗೆ ಕರೆದೊಯ್ಯುವ ಯೋಚನೆಯಿರುವವರು, ಯಾರಿಗಾದರೂ ಹಣ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಕಳೆದ ಬೇಸಿಗೆಯಲ್ಲಿ ನನ್ನ ಪತಿ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಹೆದ್ದಾರಿಯಲ್ಲಿ ಅಷ್ಟು ದೂರ ಒಬ್ಬಳೇ ಕಾರು ಓಡಿಸುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಭಾರತೀಯ ಕುಟುಂಬಗಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಒಬ್ಬ ಪ್ರವಾಸ ಏಜೆಂಟರನ್ನು ನಂಬಿದೆ. ಅವರ ಹೆಸರು ಇಲ್ಲಿ ಬೇಡ. ಅವರಂಥವರು ಇನ್ನೂ ಇದ್ದಾರೆ.

ಪಾರ್ಕ್ ಪ್ರವೇಶ ಶುಲ್ಕ, ಮ್ಯೂಸಿಯಂ ಟಿಕೆಟ್, ಗೈಡ್ ಎಲ್ಲವೂ ಸೇರಿದೆ ಎಂದು ಹೇಳಿ, ವ್ಯಾನಿನ ಬಾಡಿಗೆಯಲ್ಲದೆ ಪ್ರವೇಶ ಶುಲ್ಕವೆಂದೇ ತಲೆಗೆ 25 ಡಾಲರ್ ಪಡೆದರು. ನಮ್ಮ ಮಾವನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ವ್ಯಾನ್ ಹತ್ತುವ ಮೊದಲೇ “ರಸೀದಿ ಎಲ್ಲಮ್ಮ?” ಎಂದು ಕೇಳಿದರು. ಆಗ ನಾನು ಅವರ ಮಾತನ್ನು ಹಳೆಯ ಅಭ್ಯಾಸವೆಂದು ತಳ್ಳಿಹಾಕಿದೆ. ಸತ್ಯ ಏನೆಂದರೆ ಗೆಟಿಸ್‌ಬರ್ಗ್ ರಾಷ್ಟ್ರೀಯ ಸೈನಿಕ ಉದ್ಯಾನಕ್ಕೆ ಪ್ರವೇಶ ಶುಲ್ಕವೇ ಇಲ್ಲ. ರಣಭೂಮಿಯ ರಸ್ತೆಗಳು, 1,300ಕ್ಕೂ ಹೆಚ್ಚಿನ ಸ್ಮಾರಕಗಳು, ಯೋಧರ ಸ್ಮಶಾನ, ಸಂದರ್ಶಕ ಕೇಂದ್ರದ ವಾಹನ ನಿಲುಗಡೆ, ಇವೆಲ್ಲ ಉಚಿತ. ಸಂದರ್ಶಕ ಕೇಂದ್ರದಲ್ಲಿ ಹಣ ಕೊಡಬೇಕಾದದ್ದು ಮ್ಯೂಸಿಯಂ, ಕಿರುಚಿತ್ರ ಮತ್ತು ಸೈಕ್ಲೋರಾಮಕ್ಕೆ (ದುಂಡನೆಯ ಕೋಣೆಯ ಸುತ್ತಲೂ ಹರಡಿದ ಬೃಹತ್ ವರ್ಣಚಿತ್ರ) ಮಾತ್ರ. ಇದನ್ನು ಮಾವನವರೇ ಮಾಹಿತಿ ಕಟ್ಟೆಯಲ್ಲಿದ್ದ ರೇಂಜರ್ ಒಬ್ಬರನ್ನು ತಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿ ತಿಳಿದುಕೊಂಡು ಬಂದರು.

ಹಣಕ್ಕಿಂತ ಹೆಚ್ಚು ನೋವಾದದ್ದು ಹೊತ್ತು ಹಾಳಾದದ್ದಕ್ಕೆ. ಬೆಳಗಿನ ಎಂಟಕ್ಕೆ ಹೊರಡಬೇಕಿದ್ದ ವ್ಯಾನ್ ನಾಲ್ಕು ಕಡೆ ಜನರನ್ನು ಹತ್ತಿಸಿಕೊಂಡು, ದಾರಿಯಲ್ಲಿ ರಿಯಾಯಿತಿ ಬಟ್ಟೆ ಅಂಗಡಿಗಳ ಮುಂದೆ ಎರಡು ಗಂಟೆ ನಿಂತು, ಸುಮಾರು 130 ಕಿಲೋಮೀಟರ್ ದೂರದ ಊರನ್ನು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಸೈಕ್ಲೋರಾಮಕ್ಕೆ ನಿಗದಿತ ಸಮಯದ ಟಿಕೆಟ್ ಇರುತ್ತದೆ. ಆ ದಿನದ ಉಳಿದ ಆಟಗಳೆಲ್ಲ ಭರ್ತಿಯಾಗಿದ್ದವು. ಏಜೆಂಟರು ಮುಂಗಡವಾಗಿ ಒಂದು ಟಿಕೆಟ್ಟನ್ನೂ ಕಾದಿರಿಸಿರಲಿಲ್ಲ. ಫ್ರಾನ್ಸಿನ ಪಾಲ್ ಫಿಲಿಪೊಟೊ ಮತ್ತು ಅವರ ಸಹಾಯಕರು ಬರೆದು 1884ರಲ್ಲಿ ಪ್ರದರ್ಶನಕ್ಕಿಟ್ಟ ಆ ಚಿತ್ರ 377 ಅಡಿ ಉದ್ದ, 42 ಅಡಿ ಎತ್ತರವಿದೆ; ನೋಡುವವರು ನಡುವೆ ನಿಂತರೆ ಕಾಳಗದ ಮೂರನೆಯ ದಿನ ದಕ್ಷಿಣದ ಸೇನೆ ನಡೆಸಿದ ಪಿಕೆಟ್ ದಾಳಿ ಬೆಳಕು ಮತ್ತು ಸದ್ದಿನೊಂದಿಗೆ ಸುತ್ತಲೂ ಆವರಿಸುತ್ತದೆಂದು ಓದಿ, ಅದಕ್ಕಾಗಿಯೇ ನಾನು ಇವರನ್ನು ಕರೆತಂದಿದ್ದೆ. ಮ್ಯೂಸಿಯಂ ಒಳಗೆ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. ಗ್ಯಾಲರಿಗಳಿಗೆ, ಅಧ್ಯಕ್ಷ ಲಿಂಕನ್ ಇಲ್ಲಿ ಮಾಡಿದ ಪ್ರಸಿದ್ಧ ಭಾಷಣದ ಮಾತುಗಳನ್ನೇ ಶೀರ್ಷಿಕೆಯಾಗಿಟ್ಟು, ಗುಲಾಮಗಿರಿಯ ಪ್ರಶ್ನೆಯಿಂದ ಮೊದಲುಗೊಂಡು ಅಂತರ್ಯುದ್ಧದ ಕಥೆಯನ್ನು ಹೇಳಿರುವ ಆ ಜಾಗಕ್ಕೆ ಎರಡು ಗಂಟೆಯಾದರೂ ಬೇಕು. ನಮ್ಮ ಅತ್ತೆಯವರಂತೂ ಮೊದಲ ಎರಡು ಕೋಣೆಗಳನ್ನು ದಾಟಲಿಲ್ಲ.

ಇನ್ನು ಗೈಡ್ ಎಂದು ಹೇಳಿದ್ದರಲ್ಲ, ಅವರು ವ್ಯಾನಿನ ಚಾಲಕರೇ. ಈ ಉದ್ಯಾನದಲ್ಲಿ ಹಣ ಪಡೆದು ರಣಭೂಮಿಯನ್ನು ವಿವರಿಸುವವರಿಗೆ ಪರವಾನಗಿ ಇರಲೇಬೇಕೆಂಬ ನಿಯಮ 1915ರಿಂದ ಇದೆ. ಕಠಿಣ ಪರೀಕ್ಷೆ ಬರೆದು, ಮೌಖಿಕವಾಗಿಯೂ ತೇರ್ಗಡೆಯಾದವರಿಗೆ ಮಾತ್ರ ಅದು ಸಿಗುತ್ತದೆ. ನಮ್ಮ ಚಾಲಕರು ಸ್ಟೇರಿಂಗ್ ಹಿಡಿದೇ, ಪ್ರತಿಮೆಯ ಕುದುರೆ ಒಂದು ಕಾಲೆತ್ತಿದ್ದರೆ ಸವಾರ ಇಲ್ಲಿ ಗಾಯಗೊಂಡನೆಂದು ಅರ್ಥ ಎಂದು ಹೇಳುತ್ತಾ, ಕಾಲೆತ್ತಿದ ಕುದುರೆಯ ಮೇಲಿರುವ, ದಕ್ಷಿಣದ ಸೇನಾನಿ ಲಾಂಗ್‌ಸ್ಟ್ರೀಟ್ ಪ್ರತಿಮೆಯ ಪಕ್ಕದಲ್ಲೇ ನಮ್ಮನ್ನು ದಾಟಿಸಿದರು. ಆ ಸೇನಾನಿಗೆ ಗೆಟಿಸ್‌ಬರ್ಗ್‌ನಲ್ಲಿ ಗಾಯವೇ ಆಗಿರಲಿಲ್ಲ. ಲಿಂಕನ್ ತಮ್ಮ ಭಾಷಣವನ್ನು ರೈಲಿನಲ್ಲಿ ಲಕೋಟೆಯ ಹಿಂಬದಿಯಲ್ಲಿ ಗೀಚಿದರೆಂಬ ಹಳೆಯ ಕಟ್ಟುಕಥೆಯನ್ನೂ ಬಿಡಲಿಲ್ಲ. ವಾಷಿಂಗ್ಟನ್ನಿನಲ್ಲೇ ಆರಂಭಿಸಿದ ಭಾಷಣವನ್ನು ಅವರು ಮುಗಿಸಿದ್ದು ಇದೇ ಊರಿನ ವಕೀಲ ಡೇವಿಡ್ ವಿಲ್ಸ್ ಅವರ ಮನೆಯಲ್ಲಿ ತಂಗಿದ್ದಾಗ. ಆ ಮನೆ ಈಗಲೂ ಊರ ನಡುವೆ ಇದೆ, ನಮಗೆ ತೋರಿಸಲಿಲ್ಲ.

“ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳ ಸರ್ಕಾರ” ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಮಾವನವರಿಗೆ, ಆ ಮಾತು 1863ರ ನವೆಂಬರ್ 19ರಂದು ಹುಟ್ಟಿದ ಸ್ಮಶಾನವನ್ನೊಮ್ಮೆ ನೋಡಬೇಕೆಂಬ ಆಸೆಯಿತ್ತು. ಅದು ಸಂದರ್ಶಕ ಕೇಂದ್ರದಿಂದ ನಡೆದು ಹೋಗುವಷ್ಟೇ ದೂರ. ಆದರೆ ಚಾಲಕರು ಹೊರಡುವ ಆತುರದಲ್ಲಿದ್ದರು. ಮೂರು ದಿನಗಳ ಕಾಳಗದಲ್ಲಿ ಎರಡೂ ಕಡೆಯ ಸುಮಾರು 51,000 ಜನ ಸತ್ತು, ಗಾಯಗೊಂಡು, ಸೆರೆಸಿಕ್ಕು ಇಲ್ಲವೇ ಕಾಣೆಯಾದ ನೆಲದಲ್ಲಿ ಮಾವನವರು ನಿರಾಳವಾಗಿ ಕುಳಿತದ್ದು ಒಂದೇ ಕಡೆ: ಕೇಂದ್ರದ ಹೊರಗೆ ಬೆಂಚಿನ ಮೇಲೆ ಕುಳಿತಿರುವ ಲಿಂಕನ್ನರ ಕಂಚಿನ ಪ್ರತಿಮೆಯ ಪಕ್ಕ, ವ್ಯಾನಿಗಾಗಿ ಕಾಯುತ್ತಾ.

ಹೋಗುವವರು ಸ್ವಂತ ಕಾರಿನಲ್ಲೋ ಸ್ನೇಹಿತರ ಕಾರಿನಲ್ಲೋ ಹೋಗಿ. ಸೈಕ್ಲೋರಾಮದ ಟಿಕೆಟ್ಟನ್ನು ಮುಂಚಿತವಾಗಿ ಬೆಳಗಿನ ಹೊತ್ತಿಗೆ ಕಾದಿರಿಸಿ, ಮ್ಯೂಸಿಯಂ ಮುಗಿಸಿದ ಮೇಲೆ ಪರವಾನಗಿ ಪಡೆದ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಅವರು ನಿಮ್ಮ ಕಾರನ್ನು ತಾವೇ ಓಡಿಸಿಕೊಂಡು ಎರಡು ಗಂಟೆ ರಣಭೂಮಿ ತೋರಿಸುತ್ತಾರೆ. ಇವೆಲ್ಲ ನನಗೆ ತಿಳಿದದ್ದು ಆಮೇಲೆ. ಅತ್ತೆಮಾವನವರು ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದರು.

ಪ್ರವೇಶ ಶುಲ್ಕದ ರಸೀದಿ ಬೇಕೆಂದು ಏಜೆಂಟರಿಗೆ ಮೂರು ಬಾರಿ ಬರೆದ ಮೇಲೆ ಒಂದು ಬಿಲ್ ಬಂತು. ಅದರಲ್ಲಿ ‘ಪ್ರವೇಶ ಶುಲ್ಕ’ ಎಂಬ ಸಾಲೇ ಇರಲಿಲ್ಲ. ಮೂವರ 75 ಡಾಲರ್ ‘ಇತರೆ ಸೇವೆಗಳು’ ಎಂಬ ಹೆಸರಿನಡಿ ಕುಳಿತಿತ್ತು.