ಮಾಟುಂಗದಲ್ಲಿ ಸಿಗುವ ‘ಗಗನಯಾತ್ರಿಗಳ ಊಟ’

ಮುಂಬಯಿಯ ಮಾಟುಂಗದ ಅಂಗಡಿಯೊಂದರಲ್ಲಿ ‘ಗಗನಯಾತ್ರಿಗಳ ಊಟ’ ಎಂದು ಮಾರುತ್ತಿರುವ ಪೆಟ್ಟಿಗೆಯಲ್ಲಿ ಒಣ ಐಸ್‌ಕ್ರೀಮಿನ ಬಿಲ್ಲೆ, ಒಣಗಿಸಿದ ಸ್ಟ್ರಾಬೆರಿ ಮತ್ತು ಬಿಸಿನೀರು ಬೆರೆಸಿ ತಿನ್ನಬೇಕಾದ ಹೆಸರುಬೇಳೆ ಹಲ್ವ ಇವೆ. ತಿನಿಸನ್ನು ಹೆಪ್ಪುಗಟ್ಟಿಸಿ, ಗಾಳಿಯ ಒತ್ತಡ ತಗ್ಗಿಸಿ, ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುವಂತೆ ಮಾಡಿ ಒಣಗಿಸಿರುವುದರಿಂದ ಪೆಟ್ಟಿಗೆ ಬಲು ಹಗುರ. ಬೆಲೆ ಮಾತ್ರ ಹಗುರವಲ್ಲ.

ಹಲ್ವದ ಬಗ್ಗೆ ತಕರಾರಿಲ್ಲ. ಬಿಸಿನೀರು ಹೀರಿಕೊಂಡ ಮೇಲೆ ಬೇಳೆಯ ತರಿ ನಾಲಗೆಗೆ ಸಿಗುತ್ತದೆ, ಏಲಕ್ಕಿಯ ಪರಿಮಳವೂ ಉಳಿದಿದೆ. ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಒಣ ಆಹಾರದ ಪೊಟ್ಟಣಕ್ಕೆ ನೀರು ತುಂಬಿಸಿ, ಸ್ವಲ್ಪ ಕಾದು, ಕತ್ತರಿಯಿಂದ ತುದಿ ಕತ್ತರಿಸಿ ಚಮಚದಲ್ಲಿ ತಿನ್ನುತ್ತಾರೆ; ಒದ್ದೆಯಾದ ಆಹಾರ ಚಮಚಕ್ಕೆ ಅಂಟಿಕೊಳ್ಳುವುದರಿಂದ ಸುಲಭವಾಗಿ ತೇಲಿಹೋಗುವುದಿಲ್ಲ. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಹೆಸರುಬೇಳೆ ಹಲ್ವವನ್ನೇ ಅಲ್ಲಿಗೆ ಒಯ್ದಿದ್ದರು. 1984ರಲ್ಲಿ ರಾಕೇಶ್ ಶರ್ಮಾ ಅವರಿಗೆ ಭಾರತೀಯ ತಿನಿಸು ಸಿದ್ಧಪಡಿಸಿದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎಂಬುದನ್ನು ಪೆಟ್ಟಿಗೆಯ ಮೇಲೆ ಒಂದು ಸಾಲಿನಲ್ಲಾದರೂ ಮುದ್ರಿಸಬಹುದಿತ್ತು.

ಅದರ ಬದಲು ಅಲ್ಲಿ ದೊಡ್ಡದಾಗಿ ಮೆರೆಯುತ್ತಿರುವುದು ‘ಗಗನಯಾತ್ರಿಗಳು ನಿತ್ಯ ಸವಿಯುವ ಐಸ್‌ಕ್ರೀಮ್’ ಎಂಬ ಹೊಗಳಿಕೆ. ಇದು ನಂಬತಕ್ಕ ಮಾತಲ್ಲ. ಅಮೆರಿಕದ 1968ರ ಅಪೊಲೊ 7 ಬಾಹ್ಯಾಕಾಶ ಯಾನದ ಹೆಸರು ಈ ತಿನಿಸಿಗೆ ಅಂಟಿಕೊಂಡಿದೆಯಾದರೂ, ಆ ಯಾನದಲ್ಲಿದ್ದ ವಾಲ್ಟರ್ ಕನಿಂಗ್‌ಹ್ಯಾಮ್ ಅವರೇ ಅಲ್ಲಿ ಇಂಥ ಐಸ್‌ಕ್ರೀಮ್ ಇತ್ತೆಂಬುದನ್ನು ಅಲ್ಲಗಳೆದಿದ್ದರು. ಬಿಲ್ಲೆಯನ್ನು ಮುರಿದು ನೋಡಿದರೆ ಕಾರಣ ಹೊಳೆಯುತ್ತದೆ: ಅದು ಸುಣ್ಣದ ಕಡ್ಡಿಯಂತೆ ಉದುರಿ, ಅಂಗೈಯಿಂದ ಮೊಣಕೈವರೆಗೂ ಪುಡಿ ಮೆತ್ತಿಕೊಳ್ಳುತ್ತದೆ. ತೇಲುವ ಪುಡಿ ಕಣ್ಣಿಗೋ ಉಪಕರಣಗಳಿಗೋ ಹೊಕ್ಕೀತೆಂದು ಬ್ರೆಡ್ಡಿನ ಬದಲು ಚಪಾತಿಯಂಥ ಟೋರ್ಟಿಲಾ ಒಯ್ಯುವ, ಉಪ್ಪನ್ನು ನೀರಿನಲ್ಲಿಯೂ ಮೆಣಸನ್ನು ಎಣ್ಣೆಯಲ್ಲಿಯೂ ಕಲಸಿ ಬಳಸುವ ಜನ ಇದನ್ನು ನಿತ್ಯ ತಿಂದಾರೆಯೇ? 2012ರಲ್ಲಿ ಡ್ರ್ಯಾಗನ್ ಎಂಬ ಸರಕು ನೌಕೆಯ ಶೀತಪೆಟ್ಟಿಗೆಯಲ್ಲಿ ನಿಲ್ದಾಣದವರಿಗೆ ತಲುಪಿದ್ದು ಮಾಮೂಲಿ ಐಸ್‌ಕ್ರೀಮ್.

ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ತೆರೆದಿಟ್ಟ ಸ್ಟ್ರಾಬೆರಿ ಗಾಳಿಯ ತೇವ ಹೀರಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಮೆತ್ತಗಾಗುತ್ತದೆ; ಪೊಟ್ಟಣವನ್ನು ಮತ್ತೆ ಮುಚ್ಚುವ ವ್ಯವಸ್ಥೆಯೂ ಇಲ್ಲ.

ಊಟವೆಂದು ಕರೆದು ಬರೀ ಸಿಹಿ ಇಟ್ಟಿರುವುದೂ ಸರಿಯಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ದ್ರವ ತಲೆಯತ್ತ ಸರಿದು ಮೂಗು ಕಟ್ಟುವುದರಿಂದ ರುಚಿ ಮಂಕಾಗಿ, ಹಲವು ಗಗನಯಾತ್ರಿಗಳು ಖಾರವನ್ನೇ ಬಯಸುತ್ತಾರೆ. ಒಂದು ಪುಟ್ಟ ಉಪ್ಪಿನಕಾಯಿ ಪೊಟ್ಟಣ ಇಟ್ಟಿದ್ದರೆ ಹೆಸರಿಗೂ ನ್ಯಾಯ ಸಲ್ಲುತ್ತಿತ್ತು. ಹಲ್ವವನ್ನಷ್ಟೇ ಕೊಳ್ಳಿರೆಂದು ಹೇಳಬಹುದಿತ್ತು. ಆದರೆ ಅಂಗಡಿಯವರು ಸದ್ಯಕ್ಕೆ ಪೆಟ್ಟಿಗೆ ಒಡೆದು ಬಿಡಿಯಾಗಿ ಕೊಡುವುದಿಲ್ಲ.